ರೆಕಾರ್ಡಿನ ಮೇಲಿನ ಚೀಟಿ ಓದಿ, ಆಮೇಲೆ ಹಾಡು ಕೇಳಿ

"ಸಂಗೀತಕ್ಕೆ ಜಾತಿ ಇಲ್ಲ" ಅನ್ನೋರು ನಮ್ಮ ಪ್ರಗತಿಪರರಲ್ಲೇ ಜಾಸ್ತಿ ಆಗ್ತಿದ್ದಾರೆ. ಉದಾಹರಣೆಗೆ ನೇರ ಅಮೆರಿಕಕ್ಕೆ ಹೋಗ್ತಾರೆ. ಜಾಝ್ ನೋಡಿ, ರಾಕ್ ನೋಡಿ, ಕಪ್ಪು ಜನ ಬಿಳಿ ಜನ ಸೇರಿ ಕಟ್ಟಿದ್ದು, ಕಿವಿಗೆ ಬಣ್ಣ ಕಾಣಲ್ಲ ಅಂತಾರೆ. ಕಿವಿಗೆ ಕಾಣದೇ ಇರಬಹುದು ಸ್ವಾಮಿ. ಚೆಕ್ ಬರೆಯೋ ಕೈಗೆ ಚೆನ್ನಾಗಿ ಕಾಣ್ತಿತ್ತು.

ನಾನು ಫೈಲುಗಳ ನಡುವೆ ಕೂತ ಗುಮಾಸ್ತ. ಮೂರು ತಲೆಮಾರು ಉತ್ತ ಹೊಲವಾದರೂ ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತೆ ಅಂತ ನಮ್ಮ ಜನರಿಗೆ ಹೇಳಿಕೊಡಬೇಕಿಲ್ಲ. ರೆಕಾರ್ಡೂ ಒಂದು ಪಹಣಿಯೇ. ಒಳಗಿರೋದು ಹಾಡಿದವರ ದನಿ. ಯಾರ ಆಸ್ತಿ ಅನ್ನೋದನ್ನು ತೀರ್ಮಾನಿಸೋದು ಮೇಲೆ ಅಂಟಿಸಿದ ಚೀಟಿ.

1917ರಲ್ಲಿ ವಿಕ್ಟರ್ ಕಂಪನಿ ಮೊದಲ ಜಾಝ್ ರೆಕಾರ್ಡ್ ಹೊರತಂದಿತು. ನ್ಯೂ ಆರ್ಲಿಯನ್ಸಿನ ಕಪ್ಪು ಕೇರಿಗಳಲ್ಲಿ ಬೆಳೆದ ಸಂಗೀತ, ನುಡಿಸಿದ ಐವರೂ ಬಿಳಿಯರು. ಅವರ ನಾಯಕ ನಿಕ್ ಲರಾಕಾ ಮುಂದೆ, ಜಾಝ್ ಹುಟ್ಟಿದ್ದು ನಮ್ಮಿಂದಲೇ, ಕಪ್ಪು ಜನರಿಗೂ ಅದಕ್ಕೂ ಸಂಬಂಧವೇ ಇಲ್ಲ ಅಂತ ವಾದಿಸಿದ. ಮೊದಲು ಖಾತೆ ಮಾಡಿಸಿಕೊಂಡವನು ಉಳುವವನನ್ನೇ ಒತ್ತುವರಿದಾರ ಅಂದ ಹಾಗೆ.

1920ರಲ್ಲಿ ಓಕೆ ಕಂಪನಿಗೆ ಮೇಮಿ ಸ್ಮಿತ್ ಹಾಡಿದ ಬ್ಲೂಸ್ ಭರ್ಜರಿ ಮಾರಾಟವಾಯ್ತು. ಓಹೋ, ಕಪ್ಪು ಜನರ ಜೇಬಲ್ಲೂ ಕಾಸಿದೆ ಅಂತ ಕಂಪನಿಗಳಿಗೆ ಜ್ಞಾನೋದಯ. ತಕ್ಷಣ ಏನು ಮಾಡಿದರು? 'ರೇಸ್ ರೆಕಾರ್ಡ್ಸ್' ಅಂತ ಬೇರೆ ಕ್ಯಾಟಲಾಗು. ಅಂಗಡಿಯೊಳಗೇ ಒಂದು ಕೇರಿ! ಬಿಲ್‌ಬೋರ್ಡ್ ಪತ್ರಿಕೆ ಆ ಬೋರ್ಡು ತೆಗೆದು 'ರಿದಮ್ ಅಂಡ್ ಬ್ಲೂಸ್' ಅಂತ ಬರೆದದ್ದು 1949ರಲ್ಲಿ. ಹೆಸರು ಬದಲಾಯ್ತು, ಕೇರಿ ಅಲ್ಲೇ ಇತ್ತು.

ಬೆಸ್ಸಿ ಸ್ಮಿತ್ ಕೊಲಂಬಿಯಾ ಕಂಪನಿಗೆ ಹಾಡಿದರು. (ಬಾಬಾಸಾಹೇಬರು ಓದಿದ ಕೊಲಂಬಿಯಾ ಅಲ್ಲ, ರೆಕಾರ್ಡ್ ಕಂಪನಿ.) ಹಾಡಿಗಿಷ್ಟು ಅಂತ ಕೂಲಿ ಸಿಕ್ಕಿತು, ರಾಯಲ್ಟಿ ಇಲ್ಲ. 1937ರಲ್ಲಿ ತೀರಿಕೊಂಡಾಗ ಸಮಾಧಿಗೆ ಒಂದು ಕಲ್ಲೂ ಇರಲಿಲ್ಲ. ಕಲ್ಲು ಬಂದದ್ದು 1970ರಲ್ಲಿ, ಅದೂ ಅಭಿಮಾನಿಗಳ ದುಡ್ಡಲ್ಲಿ.

ರಾಕ್ ಕಡೆ ಬನ್ನಿ. 'ಹೌಂಡ್ ಡಾಗ್' ಅಂದ್ರೆ ಎಲ್ವಿಸ್, ಅಲ್ವಾ? ಅವನು ಹಾಡಿದ್ದು 1956ರಲ್ಲಿ. 1952ರಲ್ಲೇ ಬಿಗ್ ಮಾಮಾ ಥಾರ್ನ್‌ಟನ್ ಅದನ್ನು ಗರ್ಜಿಸಿದ್ದರು. ಬರೆದವರು ಇಬ್ಬರು ಬಿಳಿ ಹುಡುಗರು, ನಿಜ, ಆದರೆ ಬರೆದದ್ದು ಆಕೆಗಾಗಿ. ತನಗೆ ಬಂದದ್ದು 500 ಡಾಲರಿನ ಒಂದೇ ಚೆಕ್ ಅಂತ ಆಕೆಯೇ ಹೇಳಿದ್ದಾರೆ.

ಲೆಡ್ ಝೆಪೆಲಿನ್‌ನ 'ಹೋಲ್ ಲಾಟಾ ಲವ್' 1969ರದ್ದು. ಮಡ್ಡಿ ವಾಟರ್ಸ್ ಹಾಡಿದ್ದ, ವಿಲ್ಲೀ ಡಿಕ್ಸನ್ ಬರೆದ ಹಾಡಿನ ಸಾಲುಗಳು ಅದರಲ್ಲಿದ್ದವು, ಡಿಕ್ಸನ್ ಹೆಸರು ಮಾತ್ರ ಇರಲಿಲ್ಲ. ಆತ 1985ರಲ್ಲಿ ಕೇಸು ಹಾಕಬೇಕಾಯ್ತು, 1987ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯ್ತು. "ಆ ಹುಡುಗರಿಗೆ ಬ್ಲೂಸ್ ಅಂದ್ರೆ ಪ್ರಾಣ" ಅಂತೀರಾ? ಇರಬಹುದು. ನಮ್ಮ ತಮಟೆ ಅಂದ್ರೂ ಎಷ್ಟೋ ಜನಕ್ಕೆ ಪ್ರಾಣ. ತಮಟೆಯವನನ್ನು ಮನೆಯೊಳಗೆ ಕರೆದು ಊಟಕ್ಕೆ ಕೂರಿಸ್ತಾರಾ?

ಶಾಸ್ತ್ರೀಯದ ಕತೆ ಇನ್ನೂ ನಾಜೂಕು, ಅಲ್ಲಿ ಬಾಗಿಲೇ ತೆರೆಯಲ್ಲ. ನೀನಾ ಸಿಮೋನ್ ಚಿಕ್ಕಂದಿನಿಂದ ಬಾಖ್‌ನನ್ನು ಕಲಿತವರು, ಪಿಯಾನೋ ಕಛೇರಿ ಕೊಡಬೇಕು ಅನ್ನೋದೇ ಕನಸು. 1951ರಲ್ಲಿ ಫಿಲಡೆಲ್ಫಿಯಾದ ಕರ್ಟಿಸ್ ಸಂಸ್ಥೆ ಸೀಟು ಕೊಡಲಿಲ್ಲ. ಚರ್ಮದ ಬಣ್ಣವೇ ಕಾರಣ ಅಂತ ಆಕೆ ಕೊನೆವರೆಗೂ ನಂಬಿದ್ದರು, ಸಂಸ್ಥೆಯವರು ಅಲ್ಲ ಅಂತಾರೆ. ('ಮೆರಿಟ್' ಅನ್ನೋ ಪದ ನಮಗೆ ಹೊಸದಾ?) ಹೊಟ್ಟೆಪಾಡಿಗೆ ಬಾರಿನಲ್ಲಿ ನುಡಿಸಿದರು, ಹಾಡಿದರೆ ಮಾತ್ರ ಕೆಲಸ ಅಂದಾಗ ಹಾಡಿದರು. ಮೊದಲ ಆಲ್ಬಮ್ಮಿನಲ್ಲಿ ಒಂದು ಪ್ರೇಮಗೀತೆಯ ನಡುವೆ ಬಾಖ್‌ನ ಶೈಲಿಯನ್ನೇ ಹೆಣೆದಿದ್ದಾರೆ, ಕೇಳಿ ನೋಡಿ. ಆದರೂ ಅಂಗಡಿಯವನು ಇಟ್ಟದ್ದು ಜಾಝ್ ಕಪಾಟಿನಲ್ಲಿ. ನನ್ನದು ಕಪ್ಪು ಜನರ ಶಾಸ್ತ್ರೀಯ ಸಂಗೀತ ಅಂತ ಆಕೆ ಹೇಳ್ತಲೇ ಇದ್ದರು. ಆ ಆಲ್ಬಮ್ಮಿನ ಹಕ್ಕು 3000 ಡಾಲರಿಗೆ ಹೋಗಿತ್ತು. 1987ರಲ್ಲಿ ಅದರದ್ದೇ ಒಂದು ಹಾಡು ಸುಗಂಧದ ಜಾಹೀರಾತಿನಿಂದಾಗಿ ಮತ್ತೆ ಗೆದ್ದಾಗ ಲಾಭ ಕಾಗದ ಇದ್ದವರಿಗೆ. 2003ರಲ್ಲಿ ಕರ್ಟಿಸ್ ಗೌರವ ಪದವಿ ಕೊಟ್ಟಿತು. ಕೆಲವೇ ದಿನಕ್ಕೆ ಆಕೆ ತೀರಿಕೊಂಡರು.

ಕಪ್ಪು ಪ್ಯಾಂಥರರ ಹೆಸರಿಟ್ಟುಕೊಂಡು 1972ರಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದ ಪರಂಪರೆ ನಮ್ಮದು. ಹಾಗಾದ್ರೆ ನಾವೇನು ಮಾಡ್ತಿದ್ದೀವಿ? ಜಯಂತಿ ವೇದಿಕೆಯಲ್ಲಿ ನಮ್ಮ ಹುಡುಗಿಯರು ಎದೆ ಬಿರಿಯೋ ಹಾಗೆ ಹಾಡ್ತಾರೆ. ಯಾರೋ ಮೊಬೈಲಲ್ಲಿ ಹಿಡಿದು ತನ್ನ ಚಾನೆಲ್‌ಗೆ ಏರಿಸ್ತಾನೆ. ಕೆಳಗೆ 'ಜಾನಪದ ಗೀತೆ' ಅಂತ ಒಂದೇ ಪದ. ಕಟ್ಟಿದವರು ಯಾರು, ತಮಟೆ ಬಾರಿಸಿದವರು ಯಾರು, ಸುದ್ದಿಯೇ ಇಲ್ಲ. ಇದನ್ನು ಮಾಡ್ತಿರೋದು ಮೇಲ್ಜಾತಿಯವರು ಮಾತ್ರ ಅಲ್ಲ, ನೀಲಿ ಶಾಲು ಹೊದ್ದ ನಮ್ಮವರೂ. ಕೇಳಿದ್ರೆ "ಚಳುವಳಿಗೆ ಹೆಸರು ಯಾಕೆ" ಅಂತಾರೆ. ಬ್ಯಾನರಿನಲ್ಲಿ ಅಧ್ಯಕ್ಷರ ಫೋಟೋ ಮಾತ್ರ ಆಳೆತ್ತರ ಇರುತ್ತೆ.

ಏಪ್ರಿಲ್ 14 ಬರ್ತಿದೆ. ಕಾರ್ಯಕ್ರಮ ರೆಕಾರ್ಡ್ ಮಾಡೋರು ಹಾಡುಗಾರರು, ಕಟ್ಟಿದವರು, ವಾದ್ಯದವರು, ಒಬ್ಬೊಬ್ಬರ ಹೆಸರೂ ಹಾಕಿ. ದುಡ್ಡು ಬಂದ್ರೆ ಯಾರಿಗೆಷ್ಟು ಅಂತ ಮೊದಲೇ ಬರೆದು, ಎರಡೂ ಕಡೆಯವರು ಸಹಿ ಹಾಕಿ, ಒಂದು ಪ್ರತಿ ಹಾಡುವವರ ಕೈಗೆ ಕೊಡಿ. ಒಂದೇ ಪುಟದ ನಮೂನೆ ಟೈಪ್ ಮಾಡಿಟ್ಟಿದ್ದೀನಿ. ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ, ಕಳಿಸ್ತೀನಿ.

ಜೈಭೀಮ್.