ಹೊಂಗೆಯ ತಲೆ ಬೋಳಿಸಬೇಡಿ

ಪೀಣ್ಯದ ಕಡೆ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡವರು ಗೃಹಪ್ರವೇಶದ ವರ್ಷ ಗೇಟಿನ ಪಕ್ಕ ಒಂದು ಹೊಂಗೆ ಸಸಿ ನೆಡುವುದುಂಟು. ಕಾರ್ಖಾನೆ ಶೆಡ್ಡುಗಳ ತಗಡು, ಲಾರಿಗಳ ಧೂಳು, ಕಾಂಕ್ರೀಟಿನ ಕಾವು ಇವುಗಳ ನಡುವೆ ಆ ನೆರಳೇ ಮನೆಯವರಿಗೆ ಆಸರೆ. ಸಸಿ ಬೆಳೆದು ಮಹಡಿ ಮುಟ್ಟಿದಾಗ ತಕರಾರು ಶುರು. ಎಲೆ ಸಂಪಿನ ಮೇಲೆ ಉದುರುತ್ತದೆ, ಕೊಂಬೆ ತಂತಿಗೆ ತಾಗುತ್ತದೆ, ಪಕ್ಕದ ಮನೆಯವರು ಗೊಣಗುತ್ತಾರೆ. ಒಂದು ಭಾನುವಾರ ಮಚ್ಚು ಹಿಡಿದವನೊಬ್ಬ ಬರುತ್ತಾನೆ. ಮಧ್ಯಾಹ್ನದ ಹೊತ್ತಿಗೆ ಮರವಿದ್ದ ಜಾಗದಲ್ಲಿ ಒಂದು ಕಂಬ, ನಾಲ್ಕು ಮೊಂಡು ಕೈಗಳು ಮಾತ್ರ ಉಳಿದಿರುತ್ತವೆ.

‘ಎರಡು ತಿಂಗಳಲ್ಲಿ ಮತ್ತೆ ಚಿಗುರುತ್ತೆ ಬಿಡಿ ಸಾರ್’ ಎಂದು ಹೇಳಿ ಆತ ಹೋಗುತ್ತಾನೆ. ಚಿಗುರುವುದೇನೋ ನಿಜ. ಅಪಾಯವಿರುವುದೂ ಆ ಚಿಗುರಿನಲ್ಲೇ.

ಸಹಜವಾಗಿ ಬೆಳೆದ ಕೊಂಬೆಯ ಬುಡ ವರ್ಷ ವರ್ಷವೂ ಕಾಂಡದೊಂದಿಗೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಮೊಂಡಿನ ಮೇಲೆ ಗುಂಪಾಗಿ ಒಡೆದ ಚಿಗುರಿಗೆ ಆ ಬೇರೂರುವಿಕೆ ಇಲ್ಲ. ಅದು ತೊಗಟೆಯ ಕೆಳಗಿನ ತೆಳು ಪದರಕ್ಕಷ್ಟೇ ಅಂಟಿರುತ್ತದೆ. ಒಳಗೆ ಮೊಂಡು ಕೊಳೆಯುತ್ತದೆ, ಹೊರಗೆ ಚಿಗುರು ಭಾರವಾಗುತ್ತದೆ. ಏಪ್ರಿಲ್-ಮೇ ತಿಂಗಳ ಬಿರುಗಾಳಿ ಮಳೆಗೆ ಅದು ಮುರಿದು ನಿಲ್ಲಿಸಿದ ಸ್ಕೂಟರಿನ ಮೇಲೋ ದಾರಿಹೋಕರ ಮೇಲೋ ಬೀಳುತ್ತದೆ. ಆಗ ಎಲ್ಲರೂ ಗಾಳಿಯನ್ನು ಬೈಯುತ್ತಾರೆ. ಮಚ್ಚಿನ ನೆನಪು ಯಾರಿಗೂ ಇರುವುದಿಲ್ಲ.

ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ ಪರೀಕ್ಷಿಸಿದವರು. ಮರಕ್ಕೆ ಆದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ, ಮರ ಗಾಯದ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಬಂಧಿಸುತ್ತದೆ ಎಂದು 1970ರ ದಶಕದಲ್ಲಿ ಅವರು ವಿವರಿಸಿದರು. ಆ ಗೋಡೆಗೆ ಬೇಕಾದ ಸಾಮಗ್ರಿ ಕೊಂಬೆಯ ಬುಡದಲ್ಲಿ ಉಬ್ಬಿದ ಉಂಗುರದಂತೆ ಕಾಣುವ ಭಾಗದಲ್ಲಿದೆ. ಆ ಉಂಗುರವನ್ನು ಉಳಿಸಿ ಕಡಿಯುವುದೇ ಸವರುವಿಕೆಯ ಗುಟ್ಟು. ಕೆನಡಾದ ಅಂಗಳದ ಮೇಪಲ್‌ಗೂ ಪೀಣ್ಯದ ಹೊಂಗೆಗೂ ಈ ನಿಯಮ ಒಂದೇ.

ಹೆಬ್ಬೆರಳಿಗಿಂತ ದಪ್ಪದ ಕೊಂಬೆಯನ್ನು ಗರಗಸದಿಂದ ಮೂರು ಸಲಕ್ಕೆ ಕೊಯ್ಯಬೇಕು. ಬುಡದಿಂದ ಒಂದು ಗೇಣು ಆಚೆ, ಕೆಳಗಿನಿಂದ ಮೂರನೇ ಒಂದು ಭಾಗದಷ್ಟು ಮೊದಲ ಕೊಯ್ತ. ಅದಕ್ಕಿಂತ ಎರಡು ಬೆರಳು ಹೊರಗೆ, ಮೇಲಿನಿಂದ ಎರಡನೆಯದು. ಹೀಗೆ ಮಾಡಿದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆ ಸಿಗಿದು ಬರುವುದಿಲ್ಲ. ಉಳಿದ ಮೋಟನ್ನು ಉಂಗುರದ ಹೊರ ಅಂಚಿಗೆ ಕೊಯ್ದರೆ ಮುಗಿಯಿತು. ಗಾಯಕ್ಕೆ ಡಾಂಬರು, ಬಣ್ಣ ಬಳಿಯುವ ರೂಢಿಯುಂಟು. ಅದರಿಂದ ಕೊಳೆಯುವುದು ನಿಲ್ಲದು, ಹಾಗೇ ಬಿಡುವುದೇ ಮೇಲು.

ಒಂದು ವರ್ಷದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಹಸಿರನ್ನು ತೆಗೆಯಬಾರದು. ಮೊದಲು ಒಣಗಿದ, ಒಂದಕ್ಕೊಂದು ಉಜ್ಜುವ, ಬಂದಳಿಕೆ ಹಿಡಿದ ಕೊಂಬೆಗಳನ್ನು ತೆಗೆಯಿರಿ. ಅಷ್ಟರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ. ಹೊಂಗೆಗೆ ಹೊಸ ಚಿಗುರು ಬರುವ ಮುನ್ನ, ಜನವರಿ-ಫೆಬ್ರುವರಿಯ ಒಣ ದಿನಗಳು ಒಳ್ಳೆಯ ಕಾಲ. ಮಾವನ್ನು ಫಸಲು ಮುಗಿದ ಮೇಲೆ ಹಗುರವಾಗಿ ಸವರಬಹುದು. ಜಡಿಮಳೆಯಲ್ಲಿ ಗರಗಸ ಎತ್ತಬೇಡಿ. ಹಸಿ ಗಾಯಕ್ಕೆ ಶಿಲೀಂಧ್ರ ಸುಲಭವಾಗಿ ಹೊಗುತ್ತದೆ.

ಮೇಲೆ ಸವರಿದರಷ್ಟೇ ಸಾಲದು, ಬುಡವನ್ನೂ ನೋಡಬೇಕು. ಮರದ ಕೊರಳಿಗೇ ಸಿಮೆಂಟು ಸುರಿದು ಟೈಲ್ಸ್ ಹಾಕಿದರೆ ಬೇರಿಗೆ ಗಾಳಿಯೂ ಇಲ್ಲ, ನೀರೂ ಇಲ್ಲ. ಸುತ್ತ ಮೂರಡಿಯಾದರೂ ಮಣ್ಣು ಬಿಟ್ಟು ಪಾತಿ ಮಾಡಿ, ಉದುರಿದ ಎಲೆಯನ್ನು ಸುಡದೆ ಅಲ್ಲೇ ಹೊದಿಸಿ. ಚರಂಡಿಗೆಂದು ಒಂದು ಬದಿಯ ಬೇರನ್ನೆಲ್ಲ ಕಡಿದರೆ ಎಷ್ಟು ಚೆನ್ನಾಗಿ ಸವರಿದ ಮರವೂ ಗಾಳಿಗೆ ನಿಲ್ಲದು.

ತಂತಿಗೆ ತಾಗಿದ ಕೊಂಬೆಯ ತಂಟೆಗೆ ಮನೆಯವರು ಹೋಗಲೇಬಾರದು. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ. ಸ್ವಂತ ಕಾಂಪೌಂಡಿನ ಮರವಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ದೊಡ್ಡ ಕೊಂಬೆಗೆ ಕೈ ಹಾಕುವ ಮುನ್ನವೂ ಪಾಲಿಕೆಯ ಅರಣ್ಯ ವಿಭಾಗದಲ್ಲಿ ವಿಚಾರಿಸುವುದು ಒಳ್ಳೆಯದು.

ಈಗಾಗಲೇ ತಲೆ ಕಳೆದುಕೊಂಡ ಮರ ಮನೆಯ ಮುಂದಿದ್ದರೆ ನಿರಾಶೆ ಬೇಡ. ಮೊಂಡಿನ ಮೇಲಿನ ಚಿಗುರುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಉಳಿಸಿ, ಮಿಕ್ಕವನ್ನು ಎರಡು ಮೂರು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆದರೆ ಮರ ಮತ್ತೆ ಆಕಾರಕ್ಕೆ ಬರುತ್ತದೆ. ಹೊಸದಾಗಿ ನೆಡುವವರು ತಂತಿ ಇಲ್ಲದ ಕಡೆ ನೆಡಲಿ. ಮೊದಲ ನಾಲ್ಕೈದು ವರ್ಷ ಕತ್ತರಿ ಹಿಡಿದು, ಜೋಡಿ ಕವಲೊಡೆದಲ್ಲಿ ಒಂದನ್ನು ತೆಗೆದು, ನೆಟ್ಟನೆಯ ಒಂದೇ ಕಾಂಡ ಬೆಳೆಸಲಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಆ ವಯಸ್ಸಿನಲ್ಲಿ ಕತ್ತರಿ ಮುಟ್ಟಿಸಿದ ಮರಕ್ಕೆ ಮುಂದೆ ಮಚ್ಚಿನ ಗೊಡವೆ ಬರುವುದು ಕಡಿಮೆ.