ಬಾಡಿಗೆ ವಿಮಾನದ ದೋಷಕ್ಕೆ ಯಾರು ಹೊಣೆ?

ಚುನಾವಣೆ ಘೋಷಣೆಯಾದೊಡನೆ ಬಾಡಿಗೆ ಹೆಲಿಕಾಪ್ಟರ್‌ಗಳಿಗೂ ಸಣ್ಣ ವಿಮಾನಗಳಿಗೂ ಎಲ್ಲಿಲ್ಲದ ಬೇಡಿಕೆ. ರಾಜಕೀಯ ಪಕ್ಷಗಳಷ್ಟೇ ಅಲ್ಲ, ಹಲವು ರಾಜ್ಯ ಸರ್ಕಾರಗಳೂ ಗಣ್ಯರ ಪ್ರವಾಸಕ್ಕೆ ಇವನ್ನೇ ಆಶ್ರಯಿಸುತ್ತವೆ. ಬಾಡಿಗೆಗೆ ಪಡೆಯುವವರು ಗಂಟೆಯ ದರ ಕೇಳುತ್ತಾರೆ, ಆಸನಗಳೆಷ್ಟೆಂದು ಕೇಳುತ್ತಾರೆ. ಆದರೆ ‘ಈ ವಿಮಾನದಲ್ಲಿ ಇಂದು ಕೆಲಸ ಮಾಡದಿರುವ ಉಪಕರಣ ಯಾವುದು’ ಎಂದು ಕೇಳುವವರು ವಿರಳ. ಅಂಥದ್ದೊಂದು ಪ್ರಶ್ನೆ ಕೇಳಬಹುದೆಂಬುದೇ ಬಹುಮಂದಿಗೆ ತಿಳಿದಿಲ್ಲ.

2002ರ ಮಾರ್ಚ್ 3ರಂದು ಲೋಕಸಭೆಯ ಸಭಾಧ್ಯಕ್ಷ ಜಿ.ಎಂ.ಸಿ. ಬಾಲಯೋಗಿ ಅವರನ್ನು ಖಾಸಗಿ ಹೆಲಿಕಾಪ್ಟರ್ ದುರಂತದಲ್ಲಿ ದೇಶ ಕಳೆದುಕೊಂಡಿತು. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆ ಹೊರಟ ಸಣ್ಣ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ನೆಲಕ್ಕಪ್ಪಳಿಸಿ, ನಟಿ ಸೌಂದರ್ಯ ಸೇರಿದಂತೆ ಅದರಲ್ಲಿದ್ದ ನಾಲ್ವರೂ ಸಾವಿಗೀಡಾದರು. ಇವೆರಡಕ್ಕೂ ಉಪಕರಣದ ದೋಷವೇ ಕಾರಣವೆಂದು ಇಲ್ಲಿ ವಾದಿಸುತ್ತಿಲ್ಲ. ನಿಗದಿತ ವೇಳಾಪಟ್ಟಿಯ ದೊಡ್ಡ ವಿಮಾನ ಸಂಸ್ಥೆಗಳಿಗಿರುವ ಬದಲಿ ವಿಮಾನ, ನಿಲ್ದಾಣ ನಿಲ್ದಾಣದಲ್ಲೂ ಎಂಜಿನಿಯರ್ ಎಂಬ ಅನುಕೂಲಗಳು ಎರಡೋ ಮೂರೋ ವಿಮಾನಗಳ ಸಣ್ಣ ಸಂಸ್ಥೆಗಿರುವುದಿಲ್ಲ ಎಂಬುದಷ್ಟೇ ಇಲ್ಲಿನ ಮುಖ್ಯ ಸಂಗತಿ.

ಒಂದು ತಪ್ಪು ಕಲ್ಪನೆಯನ್ನು ಮೊದಲು ನಿವಾರಿಸಿಕೊಳ್ಳಬೇಕು. ಯಾವುದೋ ಒಂದು ಉಪಕರಣ ಕೆಟ್ಟಿದ್ದರೂ ವಿಮಾನ ಹಾರಿಸುವುದು ಎಲ್ಲ ಸಂದರ್ಭಗಳಲ್ಲಿಯೂ ಕಾನೂನುಬಾಹಿರವಲ್ಲ. ಯಾವ ಉಪಕರಣವಿಲ್ಲದೆ, ಯಾವ ಷರತ್ತಿನ ಮೇಲೆ, ಎಷ್ಟು ದಿನ ಹಾರಬಹುದೆಂದು ಹೇಳುವ ‘ಕನಿಷ್ಠ ಉಪಕರಣ ಪಟ್ಟಿ’ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ದೋಷದ ಗಂಭೀರತೆಗೆ ಅನುಗುಣವಾಗಿ ದುರಸ್ತಿಗೆ 3 ದಿನ, 10 ದಿನ ಅಥವಾ 120 ದಿನಗಳ ಗಡುವು ಇರುತ್ತದೆ. ಕೆಲವಕ್ಕೆ ಪ್ರತ್ಯೇಕ ಗಡುವೂ ಉಂಟು. ವ್ಯವಸ್ಥೆ ವಿವೇಕಯುತವಾದುದೇ. ಆದರೆ ಅದೆಲ್ಲವೂ ನಿಂತಿರುವುದು ಒಂದೇ ಆಧಾರದ ಮೇಲೆ: ದೋಷವನ್ನು ಕಂಡವರು ಅದನ್ನು ಲಾಗ್ ಪುಸ್ತಕದಲ್ಲಿ ಬರೆಯಬೇಕು. ಬರೆದ ಮೇಲೆಯೇ ಗಡುವಿನ ಲೆಕ್ಕ. ಬರೆಯದ ದೋಷ ಕಡತದ ದೃಷ್ಟಿಯಲ್ಲಿ ಇಲ್ಲವೇ ಇಲ್ಲ.

ಏಕೆ ಬರೆಯುವುದಿಲ್ಲ? ಇಲ್ಲಿ ತಂತ್ರಜ್ಞಾನಕ್ಕಿಂತ ಅರ್ಥಶಾಸ್ತ್ರವೇ ಹೆಚ್ಚು ಉತ್ತರ ನೀಡುತ್ತದೆ. ಮಾಲೀಕನಿಗೆ ಆದಾಯ ಬರುವುದು ಹಾರಾಟದ ಗಂಟೆಗಳಿಂದ. ವಿಮಾನ ಹ್ಯಾಂಗರಿನಲ್ಲಿ ನಿಂತರೂ ಸಾಲದ ಕಂತು, ವಿಮೆಯ ಹಣ ನಿಲ್ಲುವುದಿಲ್ಲ. ಪೈಲಟ್ ಆ ಮಾಲೀಕನ ನೌಕರ. ಪ್ರಯಾಣಿಕನಿಗೆ ಮುಂದಿನ ಸಭೆಯ ಅವಸರ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತೆ, ಮೂವರಿಗೂ ಬೇಕಿರುವುದು ವಿಮಾನ ಹಾರುವುದೇ. ಎಂಜಿನಿಯರೇ ಇಲ್ಲದ ತಾಲ್ಲೂಕು ಕೇಂದ್ರದ ಹೆಲಿಪ್ಯಾಡಿನಲ್ಲಿ ದೋಷ ದಾಖಲಿಸಿದರೆ ಹೆಲಿಕಾಪ್ಟರ್ ಅಲ್ಲಿಯೇ ಉಳಿಯಬೇಕಾದೀತು. ಆದ್ದರಿಂದ ‘ಮರಳಿದ ಮೇಲೆ ಬರೆಯೋಣ’ ಎಂಬ ಪ್ರಲೋಭನೆ ಸಹಜ. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆಯಲ್ಲಿ ಕಳಪೆಯೇ ಮೇಲುಗೈ ಪಡೆಯುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳನ್ನು ಮುಂದಿಟ್ಟುಕೊಂಡು ತೋರಿಸಿದ್ದರು. ಬಾಡಿಗೆ ವಿಮಾನಕ್ಕೂ ಅದು ಅನ್ವಯ.

ಅಮೆರಿಕದಲ್ಲಿ ಪರವಾನಗಿ ಹೊಂದಿದ ಯಾರಾದರೂ ಸಣ್ಣ ವಿಮಾನವನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆದು ತಾವೇ ಹಾರಿಸುವ ಪದ್ಧತಿ ಸಾಮಾನ್ಯ. ನಿರ್ವಹಣೆಯ ಪ್ರಾಥಮಿಕ ಹೊಣೆ ಮಾಲೀಕ ಅಥವಾ ನಿರ್ವಾಹಕನದು. ಹಾರಲು ಯೋಗ್ಯವೇ ಎಂದು ನಿರ್ಧರಿಸುವ ಹೊಣೆ ಪೈಲಟ್‌ನದು. ಅತ್ಯಗತ್ಯವಲ್ಲದ ಉಪಕರಣ ಕೆಟ್ಟರೆ ಅದನ್ನು ತೆಗೆದುಹಾಕಬೇಕು, ಇಲ್ಲವೇ ನಿಷ್ಕ್ರಿಯಗೊಳಿಸಿ ‘ಕೆಲಸ ಮಾಡುತ್ತಿಲ್ಲ’ ಎಂಬ ಚೀಟಿ ಅಂಟಿಸಬೇಕು. ಅಲ್ಲಿಯೂ ಲೋಪಗಳಿವೆ. ತರಬೇತುದಾರನೊಡನೆ ಬಾಡಿಗೆಗೆ ಕೊಡುವ ವಿಮಾನಕ್ಕೆ 100 ಗಂಟೆಗೊಮ್ಮೆ ತಪಾಸಣೆ ಕಡ್ಡಾಯ. ಬರಿಯ ವಿಮಾನವನ್ನಷ್ಟೇ ಕೊಟ್ಟರೆ ವಾರ್ಷಿಕ ತಪಾಸಣೆ ಸಾಕು. ಆದರೂ ಆ ಚೀಟಿಯಿಂದ ಕಲಿಯಬೇಕಾದ ಪಾಠವಿದೆ: ದೋಷ ಮುಂದಿನ ಬಾಡಿಗೆದಾರನ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಬಾಡಿಗೆದಾರ ಹಿಂದಿನ ಆಸನದಲ್ಲಿ ಕೂರುವವನು. ಕಾಕ್‌ಪಿಟ್‌ನ ಚೀಟಿ ಅವನಿಗೆ ಕಾಣದು.

ಸರ್ಕಾರವೇ ವಿಮಾನ ಕೊಂಡರೆ ಸಮಸ್ಯೆ ಬಗೆಹರಿಯುತ್ತದೆಂಬ ವಾದವೂ ಪೂರ್ಣ ಸತ್ಯವಲ್ಲ. 2009ರ ಸೆಪ್ಟೆಂಬರ್ 2ರಂದು ಆಂಧ್ರಪ್ರದೇಶದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರನ್ನು ಬಲಿತೆಗೆದುಕೊಂಡ ಹೆಲಿಕಾಪ್ಟರ್ ಸರ್ಕಾರದ್ದೇ ಆಗಿತ್ತು. ದಟ್ಟ ಮೋಡಗಳ ನಡುವೆ ಗೇರ್‌ಬಾಕ್ಸ್ ತೈಲಕ್ಕೆ ಸಂಬಂಧಿಸಿದ ಸಮಸ್ಯೆಗೆ ಕೈಪಿಡಿಯಲ್ಲಿ ಪರಿಹಾರ ಹುಡುಕುವುದರಲ್ಲಿ ಪೈಲಟ್‌ಗಳ ಗಮನ ಸಿಲುಕಿಕೊಂಡಿತ್ತೆಂಬುದನ್ನು ಆರ್.ಕೆ. ತ್ಯಾಗಿ ನೇತೃತ್ವದ ತನಿಖಾ ಸಮಿತಿ ಗುರುತಿಸಿತು. ಪ್ರತಿಕೂಲ ಹವಾಮಾನದಲ್ಲಿ ಒಂದು ದೋಷ ಯಂತ್ರಕ್ಕಿಂತ ಮೊದಲು ಮನುಷ್ಯನ ಏಕಾಗ್ರತೆಯನ್ನು ಕೆಡಿಸಬಲ್ಲದು.

ಹಾಗಾದರೆ ಪರಿಹಾರವೇನು? 1934ರ ವಿಮಾನ ಕಾಯ್ದೆಯ ಸ್ಥಾನದಲ್ಲಿ ‘ಭಾರತೀಯ ವಾಯುಯಾನ ಅಧಿನಿಯಮ, 2024’ ಕಳೆದ 2025ರ ಜನವರಿ 1ರಿಂದ ಜಾರಿಯಲ್ಲಿದೆ. ಕಾಯ್ದೆ ಹೊಸದು, ಲಾಭ ನಷ್ಟದ ಲೆಕ್ಕಾಚಾರ ಹಳೆಯದು. ಬದಲಾಗಬೇಕಾದುದು ಬಾಡಿಗೆಯ ಕರಾರು. ಕಡತಗಳ ನಡುವೆ ಸೇವಾವಧಿ ಕಳೆದವರಿಗೆ ಗೊತ್ತಿರುವಂತೆ, ಕನಿಷ್ಠ ದರದ ಟೆಂಡರ್ ಒಪ್ಪಿದ ಅಧಿಕಾರಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಷರತ್ತುಗಳನ್ನು ಮೊದಲೇ ಸರಿಯಾಗಿ ಬರೆದರೆ ಕನಿಷ್ಠ ದರವೂ ಸುರಕ್ಷಿತವಾಗಬಲ್ಲದು. ಮೊದಲನೆಯದಾಗಿ, ದುರಸ್ತಿ ಮುಂದೂಡಿರುವ ದೋಷಗಳ ಪಟ್ಟಿಯನ್ನು ಗಡುವಿನ ಸಮೇತ ಪ್ರತಿ ಪ್ರವಾಸಕ್ಕೆ ಮೊದಲು ಲಿಖಿತವಾಗಿ ಪಡೆಯಬೇಕು. ಎರಡನೆಯದಾಗಿ, ದೋಷ ದಾಖಲಿಸಿ ವಿಮಾನ ನಿಲ್ಲಿಸಿದ ದಿನದ ಕನಿಷ್ಠ ಬಾಡಿಗೆಯನ್ನು ಕಡಿತ ಮಾಡಬಾರದು. ಇದು ಕೆಟ್ಟ ವಿಮಾನಕ್ಕೆ ಕೊಡುವ ಬಹುಮಾನವಾಗದಂತೆ, ವರ್ಷಕ್ಕೆ ಇಂತಿಷ್ಟೇ ದಿನವೆಂಬ ಮಿತಿ ಹಾಕಿ, ಮೀರಿದರೆ ಕರಾರು ರದ್ದುಪಡಿಸಬಹುದು. ಮೂರನೆಯದಾಗಿ, ‘ಹಾರುವುದಿಲ್ಲ’ ಎಂಬ ಪೈಲಟ್‌ನ ತೀರ್ಮಾನವೇ ಅಂತಿಮವೆಂದು ಶಿಷ್ಟಾಚಾರ ವಿಭಾಗಕ್ಕೆ ಲಿಖಿತ ಆದೇಶವಿರಬೇಕು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೂ ತಪಾಸಣೆಯ ದೃಷ್ಟಿಯನ್ನು ತಿರುಗಿಸಬೇಕು. ಹೆಚ್ಚು ದೋಷ ದಾಖಲಿಸಿದ ಸಂಸ್ಥೆ ಅನುಮಾನಕ್ಕೆ ಅರ್ಹವೆಂದು ಭಾವಿಸಿದರೆ ಎಲ್ಲರೂ ಪೆನ್ನು ಕೆಳಗಿಡುತ್ತಾರೆ. ವರ್ಷಗಟ್ಟಲೆ ಹಾರಿದ ಹಳೆಯ ವಿಮಾನದ ಲಾಗ್ ಪುಸ್ತಕ ನಿಷ್ಕಳಂಕವಾಗಿದ್ದರೆ, ಮೊದಲು ತೆರೆದು ನೋಡಬೇಕಾದುದು ಆ ವಿಮಾನವನ್ನೇ.

ಇದರಿಂದ ಬಾಡಿಗೆ ತುಸು ಏರಬಹುದು. ಆ ವೆಚ್ಚ ಈಗಲೂ ಇದೆ, ಬಿಲ್ಲಿನಲ್ಲಿ ಕಾಣುತ್ತಿಲ್ಲ ಅಷ್ಟೇ. ಅದನ್ನು ಮುಂಗಡವಾಗಿ ಹಣದಲ್ಲಿ ತೆರುವುದೇ ವಿವೇಕ.