ಹದಿನೈದು ದಿನದ ಮುದ್ದತು

ಬೆಳಗಾವಿಯ ರವಿವಾರ ಪೇಟೆಯ ಕಿರಾಣಿ ಸಗಟು ಅಂಗಡಿಯೊಂದರಲ್ಲಿ ನಮ್ಮ ಅಪ್ಪ ದಿವಾಣಜಿಯಾಗಿದ್ದರು. ಅವರು ತೀರಿಕೊಂಡು ವರ್ಷಗಳಾದರೂ ಆ ಅಂಗಡಿಯ ಗಾದಿಯ ಅಂಚಿನಲ್ಲಿ ನನಗಿನ್ನೂ ಜಾಗವಿದೆ. ಪೇಟೆಗೆ ಹೋದಾಗ ಕೂತು ಚಹಾ ಕುಡಿದು ಬರುತ್ತೇನೆ. ಮಳೆಗಾಲದ ಒಂದು ಮಧ್ಯಾಹ್ನ ಹಾಗೆ ಕೂತಿದ್ದಾಗ ಖಾನಾಪುರ ಕಡೆಯ ಅಂಗಡಿಕಾರರೊಬ್ಬರು ಬಂದರು. ಬೆಲ್ಲ, ಬೇಳೆ, ಎಣ್ಣೆ ಡಬ್ಬಿ ಒಯ್ದ ಲೆಕ್ಕದಲ್ಲಿ ಅವರಿಂದ ಎಂಬತ್ತು ಸಾವಿರದ ಮೇಲೆ ಬರಬೇಕಿತ್ತು.

"ಮಳಿ ಹಿಡದ ಕುಂತೈತ್ರಿ ಸಾವಕಾರ, ಯಾಪಾರನ ಇಲ್ಲ. ಇನ್ನೊಂದ ಹದಿನೈದ ದಿನಾ ಮುದ್ದತು ಕೊಡ್ರಿ."

"ಆತ್ ಬಿಡ್ರಿ, ನಿಮ್ಮ ರೊಕ್ಕ ಎಲ್ಲಿ ಓಡಿ ಹೋಗ್ತೈತಿ? ಮೊದಲ ಚಾ ಕುಡೀರಿ."

ಹಳೆ ಬಾಕಿ ಹಾಗೇ ಉಳಿಯಿತು, ಹೊಸ ಮಾಲು ಟೆಂಪೋ ಏರಿತು.

ಗಂಟೆಯೊಳಗೆ ಗೋದಾಮಿನಲ್ಲಿ ಕಾಳು ಹಸನು ಮಾಡುವ ಅಕ್ಕ ಮೊರ ಕೆಳಗಿಟ್ಟು ಬಂದು ನಿಂತಳು. ಕೈಯಲ್ಲಿ ಮೊಬೈಲು, ರೆಪ್ಪೆಯ ಮೇಲೆಲ್ಲ ತೊಗರಿಯ ಧೂಳು. "ಸಾವಕಾರ, ಸಾವಿರದಾ ನೂರಾ ಐವತ್ತ ಮುಂಗಡಾ ಬೇಕಾಗಿತ್ರಿ. ಫೈನಾನ್ಸಿನವ ಬಂದು ಮನಿ ಮುಂದ ಕುಂತಾನ." ಎರಡು ಸಂಘದ ಸಾಲ, ಎರಡರ ವಾರದ ಕಂತೂ ಅದೇ ದಿನ. ಸಾಹುಕಾರರು ಐನೂರು ಎಣಿಸಿ ಕೊಟ್ಟರು. ಕೊಡುವಾಗ ಒಂದು ಮಾತೂ ಬಂತು: "ಸಾಲಾ ಮಾಡೂ ಮುಂದ ವಿಚಾರ ಮಾಡಬೇಕಿತ್ತವಾ. ಹಾಸಿಗಿ ಇದ್ದಷ್ಟ ಕಾಲ ಚಾಚಬೇಕು."

ಈ ಸಾಹುಕಾರರು ಕೆಟ್ಟವರಲ್ಲ. ಅಪ್ಪ ಆಸ್ಪತ್ರೆ ಸೇರಿದಾಗ ಕೇಳುವ ಮೊದಲೇ ದುಡ್ಡು ಕಳಿಸಿದವರು. ಆ ಮಾತು ಅವರೊಬ್ಬರದ್ದೂ ಅಲ್ಲ, ನಮ್ಮೆಲ್ಲರ ಬಾಯಲ್ಲಿ ಸಿದ್ಧವಾಗಿರುವ ಮಾತು. ಕೊಡಬೇಕಾದವನು ವ್ಯಾಪಾರಿಯಾದರೆ ಬಾಕಿಯನ್ನು 'ವ್ಯವಹಾರ' ಅನ್ನುತ್ತೇವೆ. ಕೂಲಿಯವಳಾದರೆ ಅವಳ ನಡತೆಯ ವಿಚಾರಣೆಗೇ ಕೂತುಬಿಡುತ್ತೇವೆ. ಮಳೆಗೆ ವ್ಯಾಪಾರ ನಿಂತದ್ದು ಒಬ್ಬರಿಗೆ ಕಾರಣವಾಯಿತು. ಅದೇ ಮಳೆಗೆ ಆ ವಾರ ಅವಳ ಗಂಡನ ಗೌಂಡಿ ಕೆಲಸವೂ ನಿಂತಿತ್ತು. ಅದನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಆಮೇಲೆ ಅವಳೇ ಹೇಳಿದ್ದು.

ಸಾಲ ಯಾತಕ್ಕೆ ಮಾಡಿದ್ದಳು? ಒಂದು ಮಗಳ ಬಾಣಂತನಕ್ಕೆ, ಇನ್ನೊಂದು ಊರ ಲಕ್ಷ್ಮೀ ಜಾತ್ರೆಗೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಹತ್ತು ಹದಿನೈದು ವರ್ಷಕ್ಕೊಮ್ಮೆ ಗ್ರಾಮದೇವಿಯ ಜಾತ್ರೆ ಕೂಡಿದರೆ ಮನೆಮನೆಗೂ ಬೀಗರು, ನೆಂಟರು ತುಂಬುತ್ತಾರೆ. ಸುಣ್ಣಬಣ್ಣ, ಸೀರೆ, ಮಾಂಸದೂಟ, ಹೋಳಿಗೆ ಊಟ ಎಲ್ಲವೂ ಆಗಬೇಕು. ಊರಿನ ದೊಡ್ಡ ಮನೆ ಎಷ್ಟು ಜನಕ್ಕೆ ಉಣಬಡಿಸಿತೋ ಅದೇ ಅಳತೆಯಾಗಿ ಸಣ್ಣ ಮನೆಗೂ ಬಂದು ಬೀಳುತ್ತದೆ. ಬಾಗಿಲು ಹಾಕಿಕೊಂಡು ಕೂತವರನ್ನು ಊರು ಮರೆಯುವುದಿಲ್ಲ. ಅಳತೆ ಇಟ್ಟವರೇ ಆಮೇಲೆ ಹಾಸಿಗೆಯ ಗಾದೆ ಹೇಳುವುದು ನನಗೆ ಸಹಿಸಲಾಗುವುದಿಲ್ಲ.

ಈ ಸಂಘದ ಸಾಲ ನಡೆಯುವ ಬಗೆಯನ್ನು ಪೇಟೆಯ ಹಿರಿಯರು ಒಮ್ಮೆ ಕೂತು ನೋಡಬೇಕು. ಅಡವು ಇಲ್ಲ, ಬಂಗಾರ ಇಲ್ಲ, ಉತಾರ ಬೇಡ. ಐದಾರು ಹೆಂಗಸರ ಗುಂಪು, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಅಡವು ಇಟ್ಟಿರುವುದು ಅವರ ಮರ್ಯಾದೆಯನ್ನು. ಕಂತು ತಪ್ಪಿದ ದಿನ ಗುಂಪಿನವರನ್ನೆಲ್ಲ ಅವಳ ಅಂಗಳದಲ್ಲಿ ಕೂರಿಸಿದರೆ ಸಾಕು, ಓಣಿಯೇ ವಸೂಲಿಗೆ ನಿಂತ ಹಾಗೆ. ರಿಸರ್ವ್ ಬ್ಯಾಂಕಿನ 2022ರ ನಿಯಮ ಇದನ್ನು ಒಪ್ಪುವುದಿಲ್ಲ. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು, ಬೆಳಿಗ್ಗೆ 9ಕ್ಕೆ ಮೊದಲು ಸಂಜೆ 6ರ ನಂತರ ಫೋನು ಮಾಡಬಾರದು, ಗೊತ್ತುಮಾಡಿದ ಜಾಗಕ್ಕೆ ಸಾಲಗಾರರು ಸತತವಾಗಿ ಎರಡು ಸಲವಾದರೂ ಬಾರದೇ ಹೋದಾಗ ಮಾತ್ರ ಮನೆಗೆ ಹೋಗಬಹುದು ಎಂದು ಅದರಲ್ಲಿದೆ. ಈ ಅಕ್ಕ ಅದುವರೆಗೆ ಒಂದು ಕಂತೂ ತಪ್ಪಿಸಿರಲಿಲ್ಲ. ಅಂಗಳಕ್ಕೆ ಬಂದು ಕೂತ ಹುಡುಗನೂ ಬಡವರ ಮನೆಯವನೇ. ವಸೂಲಿ ಗುರಿ ಮುಟ್ಟದಿದ್ದರೆ ಅವನ ಸಂಬಳಕ್ಕೆ ಕತ್ತರಿ.

2025ರ ಜನವರಿಯಲ್ಲಿ ನಮ್ಮದೇ ತಾಲ್ಲೂಕಿನ ತಾರಿಹಾಳದಲ್ಲಿ ಸಾಲದ ಬಾಕಿಗಾಗಿ ಬಾಣಂತಿ, ಹಸುಗೂಸಿನ ಸಮೇತ ಕುಟುಂಬವೊಂದನ್ನು ಹೊರಗೆ ಹಾಕಿ ಮನೆಗೆ ಬೀಗ ಜಡಿದ ಸುದ್ದಿ ರಾಜ್ಯವನ್ನೇ ಕಲಕಿತು. ಫೆಬ್ರುವರಿ 12ರಂದು ರಾಜ್ಯಪಾಲರ ಅಂಕಿತ ಬಿದ್ದು ಕಿರುಸಾಲ ವಸೂಲಿಯ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಜಾರಿಯಾಯಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬೇಕಾಗಿದ್ದ ಕಾನೂನು. ಆದರೆ ಅದು ದಬ್ಬಾಳಿಕೆಗೆ ಶಿಕ್ಷೆ ಕೊಡುತ್ತದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಕಂಪನಿಯ ಕಂತು ಕಟ್ಟಲಾಗದವಳಿಗೆ ಸಮಯ ಕೊಡುವುದಿಲ್ಲ.

ಸಮಯ ಕೊಡುವ ಕಾನೂನು ನಮ್ಮಲ್ಲಿ ಇಲ್ಲವೆಂದಲ್ಲ. 2016ರ ದಿವಾಳಿ ಸಂಹಿತೆಯಲ್ಲಿ ಕಂಪನಿಯೊಂದು ಸಾಲ ತೀರಿಸಲಾಗದೆ ಕುಸಿದರೆ, ಅದರ ದಿವಾಳಿ ಅರ್ಜಿಯನ್ನು ನ್ಯಾಯಮಂಡಳಿ ಅಂಗೀಕರಿಸಿದ ದಿನದಿಂದ ಯಾರೂ ವಸೂಲಿಗೆ ಕೈಹಾಕುವಂತಿಲ್ಲ. 180 ದಿನ, ಎಳೆದರೆ 330 ದಿನದವರೆಗೆ ಆ ರಕ್ಷಣೆ. ಅದೇ ಸಂಹಿತೆಯಲ್ಲಿ ಬಡವರಿಗೂ ಒಂದು ಅಧ್ಯಾಯ ಬರೆದಿಟ್ಟಿದ್ದಾರೆ. ವರ್ಷದ ಆದಾಯ 60,000 ರೂಪಾಯಿ, ಆಸ್ತಿ 20,000, ಸಾಲ 35,000 ಮೀರದ, ಸ್ವಂತ ಮನೆಯಿಲ್ಲದ ವ್ಯಕ್ತಿ ಅರ್ಜಿ ಹಾಕಿ ಸಾಲದಿಂದ ಬಿಡುಗಡೆ ಪಡೆದು ಹೊಸದಾಗಿ ಬದುಕು ಶುರು ಮಾಡಲಿ ಎಂದು. ಕಂಪನಿಗಳ ಭಾಗ 2016ರಲ್ಲೇ ಜಾರಿಗೆ ಬಂತು. ಕಂಪನಿ ಸಾಲಕ್ಕೆ ಜಾಮೀನು ನಿಂತವರ ಭಾಗ 2019ರ ಡಿಸೆಂಬರ್‌ನಲ್ಲಿ ಬಂತು. ಬಡವರ ಅಧ್ಯಾಯ ಪುಸ್ತಕದಲ್ಲೇ ಕೂತಿದೆ.

ಬ್ಯಾಂಕುಗಳು ಹತ್ತು ವರ್ಷದಲ್ಲಿ ಲೆಕ್ಕದಿಂದ ತೆಗೆದುಹಾಕಿದ ಸಾಲ 16.35 ಲಕ್ಷ ಕೋಟಿ ರೂಪಾಯಿ ಎಂದು ಸರ್ಕಾರವೇ 2025ರ ಮಾರ್ಚ್‌ನಲ್ಲಿ ಲೋಕಸಭೆಗೆ ತಿಳಿಸಿತು. ಇದು ಮನ್ನಾ ಅಲ್ಲ, ವಸೂಲಿ ಪ್ರಯತ್ನ ಮುಂದುವರಿಯುತ್ತದೆ, ಅದನ್ನೂ ಹೇಳಬೇಕು. ಆದರೆ ಆ ಪ್ರಯತ್ನ ವಕೀಲರ ಮೂಲಕ, ಕಾಗದದ ಮೇಲೆ ನಡೆಯುತ್ತದೆ. ದೊಡ್ಡ ಸಾಲಗಾರರ ಅಂಗಳದಲ್ಲಿ ಅವರ ಗೆಳತಿಯರನ್ನು ಯಾರೂ ಕೂರಿಸುವುದಿಲ್ಲ. ದೇಶದ ಸಂಪತ್ತಿನಲ್ಲಿ ಶೇ 40ರಷ್ಟು ಮೇಲಿನ ಶೇ 1ರ ಕೈಯಲ್ಲಿದೆ ಎಂದು ಅರ್ಥಶಾಸ್ತ್ರಜ್ಞ ತೋಮಾ ಪಿಕೆಟ್ಟಿ ಮತ್ತು ಸಂಗಡಿಗರು 2024ರಲ್ಲಿ ಲೆಕ್ಕ ಕೊಟ್ಟರು. ನನ್ನನ್ನು ಹೆಚ್ಚು ಕಾಡುವುದು ಆ ಅಂಕಿಗಿಂತ ಅದರ ಜೊತೆ ಸಾಗುವ ಇನ್ನೊಂದು ಸಂಗತಿ. ಆಸ್ತಿ ಇದ್ದವನಿಗೆ ತಪ್ಪು ಮಾಡಿ ಸುಧಾರಿಸಿಕೊಳ್ಳಲು ದಿನಗಳೂ ಸಿಗುತ್ತವೆ.

ಒಬ್ಬರಿಗೊಬ್ಬರು ಹೊಣೆ ನಿಲ್ಲುವ ಪದ್ಧತಿಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗಲೂ ನೆರೆಹೊರೆಯ ನಂಬಿಕೆಯೇ ಬಂಡವಾಳ. ಆದರೆ ಸಹಕಾರ ಪದ್ಧತಿಯಲ್ಲಿ ಹೊಣೆ ಹೊತ್ತ ಸದಸ್ಯರೇ ಸಂಘದ ಒಡೆಯರು. ಮುದ್ದತು ಬೆಳೆಸುವ ಮಾತು ಅವರ ಸಭೆಯಲ್ಲೇ ಆಗಬಲ್ಲದು. ಇಂದಿನ ಗುಂಪಿಗೆ ಹೊಣೆ ಮಾತ್ರ ಉಳಿದಿದೆ. ತೀರ್ಮಾನ ಎಲ್ಲೋ ದೂರದ ನಗರದ ಕಚೇರಿಯಲ್ಲಿ ಆಗುತ್ತದೆ.

ಸಾಲ ತಂದವರು ತೀರಿಸಬೇಕು. ಆ ಅಕ್ಕನೂ ಅದನ್ನೇ ಹೇಳುತ್ತಾಳೆ, ನನಗಿಂತ ಗಟ್ಟಿಯಾಗಿ. ಬಡವರ ಆ ಅಧ್ಯಾಯವನ್ನು ಇಂದಿನ ಬೆಲೆಗೆ ಹೊಂದುವ ಮಿತಿಗಳೊಂದಿಗೆ ಕೇಂದ್ರ ಜಾರಿಗೆ ತರಬೇಕು. ಆಸ್ಪತ್ರೆ ಬಂದ ವಾರ, ಕೂಲಿ ನಿಂತ ವಾರ ಕಂತನ್ನು ಮುಂದೂಡಿಕೊಳ್ಳುವ ಹಕ್ಕು ಸಾಲದ ಪತ್ರದಲ್ಲೇ ಇರಬೇಕು. ನಮ್ಮ ಪೇಟೆಯವರಿಗೂ ಒಂದು ಮಾತು: ಪಾಡ್ಯದ ದಿನ ಪೂಜೆ ಮಾಡುವ ಖಾತೆ ಪುಸ್ತಕದಲ್ಲಿ ಗೋದಾಮಿನವರ ಹೆಸರಿಗೂ ಒಂದು ಪುಟವಿರಲಿ. ಮುಂಗಡ ಕೇಳಿದಾಗ ಗಿರಾಕಿಗೆ ತೋರುವ ಮುಖವನ್ನೇ ಅವರಿಗೂ ತೋರಿಸಿ.

ಮೊನ್ನೆ ಮತ್ತೆ ಹೋಗಿದ್ದೆ. ಅಂಗಡಿಕಾರರ ಹದಿನೈದು ದಿನ ಇಪ್ಪತ್ತೆರಡಾಗಿತ್ತು. ಯಾರೂ ಆ ಸುದ್ದಿ ತೆಗೆಯಲಿಲ್ಲ. ಆ ದಿನ ಕಡಿಮೆ ಬಿದ್ದ ಆರುನೂರಾ ಐವತ್ತನ್ನು ಅಕ್ಕನ ಗುಂಪಿನ ಒಬ್ಬಾಕೆ ತುಂಬಿದ್ದಳು, ಸಿಲಿಂಡರಿಗೆಂದು ತೆಗೆದಿಟ್ಟ ದುಡ್ಡಿನಿಂದ. ಈಗ ಆ ಮನೆಯಲ್ಲಿ ಕಟ್ಟಿಗೆ ಒಲೆ ಹೊತ್ತಿದೆ. "ಆಕಿ ಬಾಗಲ ಮುಂದ ಹಾಯಾಕ ನನಗ ಮಾರಿ ಇಲ್ರಿ," ಅಂದಳು ಅಕ್ಕ, ಮೊರದಿಂದ ಹರಳು ಆರಿಸುತ್ತ. ಕೆಲಸಕ್ಕೆ ಬರುವಾಗ ಅವಳು ಹಿಂದಿನ ಓಣಿಯಿಂದ ಸುತ್ತು ಹಾಕಿ ಬರುತ್ತಾಳಂತೆ. ಹತ್ತು ನಿಮಿಷ ಮೊದಲೇ ಮನೆ ಬಿಡಬೇಕಾಗುತ್ತದೆ.